ಹೊಸ ಟೆಲಿವಿಷನ್: ಗೋಡೆ ಸ್ಟ್ಯಾಂಡು ಮತ್ತು ವಿಸ್ತರಿತ ವಾರಂಟಿಯ ಆಯ್ಕೆ

1972ರ ಅಕ್ಟೋಬರ್ 2ರಂದು ಮುಂಬಯಿಯಲ್ಲಿ ದೂರದರ್ಶನದ ಪ್ರಸಾರ ಆರಂಭವಾದಾಗ ಟೆಲಿವಿಷನ್ ಎಂಬುದು ಮರದ ಪೆಟ್ಟಿಗೆಯೊಳಗೆ ಕುಳಿತ ಭಾರವಾದ ವಸ್ತುವಾಗಿತ್ತು. ಅದಕ್ಕೆ ಗಟ್ಟಿಯಾದ ಒಂದು ಮೇಜು ದೊರೆತರೆ ಸಾಕಾಗುತ್ತಿತ್ತು. ಇಂದಿನ ಟೆಲಿವಿಷನ್ ತೆಳುವಾದ ಹಲಗೆಯಂತಿದೆ. ಮೇಜನ್ನು ಬಿಟ್ಟು ಗೋಡೆಯನ್ನೇರಿದೆ. ಕಿರಿದಾದ ಮನೆಗಳಲ್ಲಿ ಇದರಿಂದ ನೆಲದ ಜಾಗ ಉಳಿಯುತ್ತದೆ ಎಂಬುದು ನಿಜ. ಆದರೆ ಮೇಜಿನ ಮೇಲಿದ್ದಾಗ ಇಲ್ಲದಿದ್ದ ಎರಡು ಪ್ರಶ್ನೆಗಳು ಈಗ ಗ್ರಾಹಕನ ಮುಂದಿವೆ. ಇದನ್ನು ಯಾವ ಆಧಾರದ ಮೇಲೆ ತೂಗುಹಾಕಬೇಕು? ಕೆಟ್ಟರೆ ಅಥವಾ ಬಿದ್ದರೆ ಹೊಣೆ ಯಾರದು? ಮೊದಲನೆಯದು ಮನೆಮಂದಿಯ ಸುರಕ್ಷತೆಯ ಪ್ರಶ್ನೆ, ಎರಡನೆಯದು ದುಡಿದು ಗಳಿಸಿದ ಹಣದ ಪ್ರಶ್ನೆ. ಇವೆರಡೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮುಂಬಯಿ ಉಪನಗರ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಠಾಣೆ ನಗರಕ್ಕೆ ತಾಗಿಕೊಂಡಿರುವ ಮುಲುಂಡ್ ಈ ವಿವೇಚನೆಗೆ ತಕ್ಕ ಸ್ಥಳ. ಪಶ್ಚಿಮಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟಗಳು, ಪೂರ್ವಕ್ಕೆ ಉಪ್ಪಿನ ಗದ್ದೆಗಳು ಹಾಗೂ ಠಾಣೆಯ ಖಾಡಿ, ಅಂದರೆ ಕಡಲಿನ ಹಿನ್ನೀರು. ನಡುವೆ ಮಧ್ಯ ರೈಲ್ವೆಯ ಹಳಿಗಳು. ಹಳಿಗಳ ಎರಡೂ ಬದಿಯಲ್ಲಿ ಹಲವು ದಶಕಗಳ ಹಿಂದೆ ಕಟ್ಟಿದ ಮೂರು-ನಾಲ್ಕು ಅಂತಸ್ತಿನ ಸೊಸೈಟಿ ಕಟ್ಟಡಗಳಿವೆ. ಅವುಗಳ ಮಗ್ಗುಲಲ್ಲೇ, ಅನೇಕ ಕಡೆ ಅವುಗಳನ್ನು ಕೆಡವಿದ ಜಾಗದಲ್ಲೇ, ಬಹುಮಹಡಿ ಗೋಪುರಗಳು ಎದ್ದಿವೆ. ಹೀಗೆ ಒಂದೇ ರಸ್ತೆಯ ಎರಡು ಮನೆಗಳ ಗೋಡೆಗಳು ಒಂದೇ ಬಗೆಯವಾಗಿರುವುದಿಲ್ಲ. ಇಲ್ಲಿನ ಪಾಂಚ್ ರಸ್ತಾ ಪ್ರದೇಶದಲ್ಲಾಗಲಿ, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಾಗಲಿ ಟಿ.ವಿ. ಕೊಳ್ಳುವ ಗ್ರಾಹಕನು ಪರದೆಯ ಅಗಲವನ್ನು ನೋಡುತ್ತಾನೆ, ಬೆಲೆಯನ್ನು ಚೌಕಾಸಿ ಮಾಡುತ್ತಾನೆ. ತನ್ನ ಮನೆಯ ಗೋಡೆ ಎಂಥದೆಂದು ಮಾತ್ರ ಯೋಚಿಸುವುದಿಲ್ಲ.

ಉದಾಹರಣೆಗೆ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮುಲುಂಡ್ ಪೂರ್ವದ ಹಳೆಯ ಕಟ್ಟಡವೊಂದರಲ್ಲಿ ದಂಪತಿಗಳು, ಇಬ್ಬರು ಮಕ್ಕಳು ಮತ್ತು ವಯಸ್ಸಾದ ತಾಯಿ ವಾಸವಾಗಿದ್ದಾರೆ. ದೀಪಾವಳಿಗೆ 30,000 ರೂಪಾಯಿಯ 43 ಅಂಗುಲದ ಟಿ.ವಿ. ಕೊಳ್ಳಬೇಕೆಂದಿದ್ದಾರೆ. ಅವರ ಕಟ್ಟಡ ಮುಂದಿನ ವರ್ಷ ಪುನರ್ನಿರ್ಮಾಣಕ್ಕೆ ಹೋಗಲಿದೆ. ಅಂದರೆ ಈ ಟಿ.ವಿ. ಮೊದಲು ಹಳೆಯ ಮನೆಯಲ್ಲಿ, ಅನಂತರ ಬಾಡಿಗೆಯ ಮನೆಯಲ್ಲಿ, ಕೊನೆಗೆ ಹೊಸ ಗೋಪುರದಲ್ಲಿ, ಹೀಗೆ ಮೂರು ಗೋಡೆಗಳ ಮೇಲೆ ತೂಗಬೇಕಾಗುತ್ತದೆ. ಈ ಕುಟುಂಬ ಏನನ್ನು ಗಮನಿಸಬೇಕು?

ಗೋಡೆಯ ಪರೀಕ್ಷೆ

ಸ್ಟ್ಯಾಂಡಿನ ಬಲವು ಅದನ್ನು ಹಿಡಿದಿರುವ ಗೋಡೆಯ ಬಲಕ್ಕಿಂತ ಹೆಚ್ಚಿರಲಾರದು. ಆದುದರಿಂದ ಪರೀಕ್ಷೆ ಗೋಡೆಯಿಂದಲೇ ಆರಂಭವಾಗಬೇಕು.

ಹಳೆಯ ಕಟ್ಟಡಗಳಲ್ಲಿ ಹೊರಗೋಡೆ ಸಾಮಾನ್ಯವಾಗಿ ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ. ಕೋಣೆಗಳ ನಡುವಿನದು ನಾಲ್ಕೂವರೆ ಅಂಗುಲದ್ದು. ಇಟ್ಟಿಗೆಯು ಭಾರವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಮೇಲಿನ ಗಿಲಾವು ಹಿಡಿಯುವುದಿಲ್ಲ. ಹಲವು ಸಲ ಬಳಿದ ಗಾರೆ, ಪಿ.ಓ.ಪಿ. ಮತ್ತು ಬಣ್ಣದ ಪದರಗಳೇ ಎರಡು-ಮೂರು ಸೆಂಟಿಮೀಟರ್ ದಪ್ಪವಿರಬಹುದು. ಮೊಳೆಯು ಈ ಪದರವನ್ನು ದಾಟಿ ಇಟ್ಟಿಗೆಯೊಳಗೆ ಎಷ್ಟು ಹೋಗಿದೆಯೋ ಅಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ರಂಧ್ರವನ್ನು ಇಟ್ಟಿಗೆಗಳ ನಡುವಣ ಸಂದಿಯಲ್ಲಿ ಕೊರೆಯದೆ ಇಟ್ಟಿಗೆಯಲ್ಲೇ ಕೊರೆಯುವುದು ಲೇಸು. ಬೆರಳ ಗೆಣ್ಣಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆಯಿಂದ ಬಿಟ್ಟುಕೊಂಡಿದೆ ಎಂದು ತಿಳಿಯಬೇಕು.

ಹೊಸ ಗೋಪುರಗಳಲ್ಲಿ ಎರಡು ಬಗೆಯ ಗೋಡೆಗಳಿರುತ್ತವೆ. ಮೊದಲನೆಯದು ಅಚ್ಚುಗಳಲ್ಲಿ ಎರಕ ಹೊಯ್ದ ಕಾಂಕ್ರೀಟು ಗೋಡೆ. ಇದು ಅತ್ಯಂತ ಗಟ್ಟಿ. ಹಿಗ್ಗುವ ಉಕ್ಕಿನ ಬೋಲ್ಟುಗಳು ಇದಕ್ಕೆ ತಕ್ಕವು. ಆದರೆ ಇದೇ ಗೋಡೆಯು ಕಟ್ಟಡದ ಭಾರವನ್ನೂ ಹೊತ್ತಿರುತ್ತದೆ. ಸಣ್ಣ ರಂಧ್ರಗಳನ್ನು ಕೊರೆಯುವುದು ಬೇರೆ. ವಿದ್ಯುತ್ ತಂತಿಯನ್ನು ಮರೆಮಾಡಲೆಂದು ಉದ್ದಕ್ಕೆ ಕಾಲುವೆಯಂತೆ ಕತ್ತರಿಸುವುದು ಬೇರೆ. ಒಳಗಿನ ಉಕ್ಕಿನ ಸರಳುಗಳಿಗೆ ಧಕ್ಕೆ ತರುವ ಇಂಥ ಕೆಲಸಕ್ಕೆ ಆಸ್ಪದ ಕೊಡಬಾರದು.

ಎರಡನೆಯದು ಹಗುರ ಬ್ಲಾಕುಗಳ ಗೋಡೆ. ಗಾಳಿಗುಳ್ಳೆ ತುಂಬಿದ, ಹಬೆಯಲ್ಲಿ ಬೇಯಿಸಿದ ಈ ಬ್ಲಾಕುಗಳನ್ನು ಕೆಲಸಗಾರರು ಎ.ಎ.ಸಿ. ಬ್ಲಾಕ್ ಎನ್ನುತ್ತಾರೆ. ಒಂದು ಘನ ಮೀಟರ್ ಕಾಂಕ್ರೀಟು ಸುಮಾರು 2,400 ಕಿಲೋಗ್ರಾಂ ತೂಗಿದರೆ, ಇಂಥ ಬ್ಲಾಕು ಸುಮಾರು 600 ಕಿಲೋಗ್ರಾಂ ಮಾತ್ರ ತೂಗುತ್ತದೆ. ಕಟ್ಟಡದ ಭಾರ ತಗ್ಗಿಸಲು ಇದು ಉಪಯುಕ್ತ. ಆದರೆ ಕಾಂಕ್ರೀಟಿಗೆಂದು ತಯಾರಿಸಿದ ಹಿಗ್ಗುವ ಬೋಲ್ಟನ್ನು ಇದರಲ್ಲಿ ಬಿಗಿದರೆ ಬ್ಲಾಕು ಪುಡಿಯಾಗುತ್ತದೆ. ಮೊದಲ ದಿನ ಗಟ್ಟಿಯಾಗಿ ಕಂಡ ಹಿಡಿತ ಕ್ರಮೇಣ ಸಡಿಲಗೊಳ್ಳುತ್ತದೆ. ಈ ಗೋಡೆಗೆಂದೇ ತಯಾರಾದ ಉದ್ದನೆಯ ನೈಲಾನ್ ಪ್ಲಗ್‌ಗಳನ್ನು ಅಥವಾ ರಾಸಾಯನಿಕ ಅಂಟಿನಿಂದ ಕೂಡಿಸುವ ಬೋಲ್ಟುಗಳನ್ನು ಬಳಸಬೇಕು. ಭಾರ ಹೆಚ್ಚಿದ್ದರೆ ಗೋಡೆಯ ಹಿಂಬದಿಯವರೆಗೆ ಬೋಲ್ಟನ್ನು ಹಾಯಿಸಿ ಅಲ್ಲಿ ಉಕ್ಕಿನ ಪಟ್ಟಿ ಕೊಡುವುದು ಸುರಕ್ಷಿತ. ರಂಧ್ರ ಕೊರೆಯುವಾಗ ಯಂತ್ರದ ಬಡಿತವನ್ನು ನಿಲ್ಲಿಸಿ ತಿರುಗುವಿಕೆಯಿಂದಷ್ಟೇ ಕೊರೆಯಬೇಕು.

ಕೊರೆಯುವಾಗ ಹೊರಬೀಳುವ ಪುಡಿಯೇ ಗೋಡೆಯ ಗುರುತು ಹೇಳುತ್ತದೆ. ಕೆಂಪು ಪುಡಿ ಇಟ್ಟಿಗೆಯದು. ಬೂದುಬಣ್ಣದ ನುಣುಪು ಪುಡಿ ಬಂದು ಯಂತ್ರ ಕಷ್ಟದಿಂದ ಮುಂದುವರಿದರೆ ಕಾಂಕ್ರೀಟು. ಬಿಳಿಚಿದ ಪುಡಿ ಬಂದು ಯಂತ್ರ ಸಲೀಸಾಗಿ ಒಳಹೊಕ್ಕರೆ ಹಗುರ ಬ್ಲಾಕು. ಮೊದಲ ರಂಧ್ರ ಕೊರೆದೊಡನೆ ಇದನ್ನು ನೋಡಿ, ಕೆಲಸಗಾರನ ಕೈಯಲ್ಲಿರುವ ಮೊಳೆ ಆ ಗೋಡೆಗೆ ತಕ್ಕದ್ದೇ ಎಂದು ಕೇಳುವುದು ಗ್ರಾಹಕನಿಗೆ ಸಾಧ್ಯ.

ಮಳೆಯನ್ನೂ ಮರೆಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಸುಮಾರು 2,200 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯಾಗುತ್ತದೆ. ನೈಋತ್ಯ ಮಾರುತದ ಹೊಡೆತಕ್ಕೆ ಸಿಕ್ಕ ಹೊರಗೋಡೆಗಳು ತೇವ ಹೀರುತ್ತವೆ. ಅಂಥ ಗೋಡೆಯಲ್ಲಿ ಗಿಲಾವು ಉಬ್ಬುತ್ತದೆ, ಮೊಳೆಗೆ ತುಕ್ಕು ಹಿಡಿಯುತ್ತದೆ, ಟಿ.ವಿ.ಯ ಹಿಂಬದಿಗೂ ತೇವ ತಗಲುತ್ತದೆ. ಸಾಧ್ಯವಾದಷ್ಟು ಒಳಗೋಡೆಯನ್ನೇ ಆರಿಸಬೇಕು. ಆದರೆ ಅದರ ಹಿಂದೆ ಸ್ನಾನಗೃಹವಿದ್ದರೆ ನೀರಿನ ಕೊಳವೆ ಎಲ್ಲಿ ಹಾದಿದೆ ಎಂದು ವಿಚಾರಿಸಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ತಂತಿಗಳು ಹಾದಿರುವ ಸಂಭವ ಹೆಚ್ಚಾದುದರಿಂದ ಅಲ್ಲಿ ಕೊರೆಯಬಾರದು.

ಸ್ಟ್ಯಾಂಡಿನ ವಿಧಗಳು

ಗೋಡೆ ಸ್ಟ್ಯಾಂಡುಗಳಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ. ಗೋಡೆಗೆ ಅಂಟಿದಂತೆ ನಿಲ್ಲುವ ಸ್ಥಿರ ಸ್ಟ್ಯಾಂಡು ಮೊದಲನೆಯದು. ಪರದೆಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಲು ಬರುವುದು ಎರಡನೆಯದು. ಮಡಿಸುವ ತೋಳಿನಿಂದ ಟಿ.ವಿ.ಯನ್ನು ಮುಂದಕ್ಕೆಳೆದು ಎಡಬಲಕ್ಕೆ ತಿರುಗಿಸಲು ಬರುವುದು ಮೂರನೆಯದು. ಅಂಗಡಿಯಲ್ಲಿ ಮೂರನೆಯದೇ ಆಕರ್ಷಕವಾಗಿ ಕಾಣುತ್ತದೆ. ಆದರೆ ಗೋಡೆಯ ಮೇಲೆ ಅದು ಹೇರುವ ಸೆಳೆತ ಎಷ್ಟೆಂದು ಲೆಕ್ಕ ಹಾಕಿ ನೋಡಬೇಕು.

ಟಿ.ವಿ.ಯ ತೂಕ 10 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸ್ಟ್ಯಾಂಡಿನ ತಟ್ಟೆಯಲ್ಲಿ ಮೇಲಿನ ಬೋಲ್ಟುಗಳಿಗೂ ಕೆಳಗಿನ ಅಂಚಿಗೂ ನಡುವೆ 20 ಸೆಂಟಿಮೀಟರ್ ಅಂತರವಿರಲಿ. ಸ್ಥಿರ ಸ್ಟ್ಯಾಂಡಿನಲ್ಲಿ ಟಿ.ವಿ.ಯ ಭಾರ ಗೋಡೆಯಿಂದ ಸುಮಾರು 5 ಸೆಂಟಿಮೀಟರ್ ಮುಂದಿರುತ್ತದೆ. ಆಗ ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಸೆಳೆಯುವ ಬಲ 10ನ್ನು 5ರಿಂದ ಗುಣಿಸಿ 20ರಿಂದ ಭಾಗಿಸಿದಷ್ಟು, ಅಂದರೆ ಎರಡೂವರೆ ಕಿಲೋಗ್ರಾಂ ಭಾರಕ್ಕೆ ಸಮ. ಅದೇ ಟಿ.ವಿ.ಯನ್ನು ತೋಳಿನ ಸ್ಟ್ಯಾಂಡಿನಲ್ಲಿ 45 ಸೆಂಟಿಮೀಟರ್ ಮುಂದಕ್ಕೆಳೆದರೆ ಸೆಳೆತ ಇಪ್ಪತ್ತೆರಡೂವರೆ ಕಿಲೋಗ್ರಾಂ ಆಗುತ್ತದೆ. ಟಿ.ವಿ. ಅದೇ, ಗೋಡೆಯೂ ಅದೇ. ಸೆಳೆತ ಮಾತ್ರ ಒಂಬತ್ತು ಪಟ್ಟು. ಚಾಚಿದ ತೋಳಿಗೆ 20 ಕಿಲೋಗ್ರಾಂ ತೂಕದ ಮಗುವೊಂದು ಜೋತುಬಿದ್ದರೆ ಅದು ಸುಮಾರು 67 ಕಿಲೋಗ್ರಾಂಗೆ ಏರುತ್ತದೆ. ತೋಳಿನ ಸ್ವಂತ ತೂಕವನ್ನು ಇಲ್ಲಿ ಸೇರಿಸಿಯೇ ಇಲ್ಲ. ಆದುದರಿಂದ ಹಗುರ ಬ್ಲಾಕಿನ ಗೋಡೆಗೂ ಚಿಕ್ಕ ಮಕ್ಕಳಿರುವ ಮನೆಗೂ ಸ್ಥಿರ ಅಥವಾ ಬಾಗುವ ಸ್ಟ್ಯಾಂಡೇ ಯೋಗ್ಯ.

ಅಳತೆ ಮತ್ತು ತಿರುಪು

ಟಿ.ವಿ.ಯ ಹಿಂಬದಿಯಲ್ಲಿ ನಾಲ್ಕು ರಂಧ್ರಗಳಿರುತ್ತವೆ. ಅವುಗಳ ನಡುವಣ ಅಂತರಕ್ಕೆ ವೆಸಾ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಮಾನಕವನ್ನು ಗೊತ್ತುಪಡಿಸಿದೆ. 200×200 ಎಂದಿದ್ದರೆ ರಂಧ್ರಗಳ ಕೇಂದ್ರಗಳ ನಡುವೆ ಅಡ್ಡಕ್ಕೆ 200, ಉದ್ದಕ್ಕೆ 200 ಮಿಲಿಮೀಟರ್ ಎಂದರ್ಥ. 100×100, 200×100, 400×200, 400×400 ಮುಂತಾದ ಅಳತೆಗಳೂ ಇವೆ. ಪರದೆಯ ಅಂಗುಲವನ್ನು ನೋಡಿ ಸ್ಟ್ಯಾಂಡು ಕೊಳ್ಳಬಾರದು. ಒಂದೇ ಅಂಗುಲದ ಎರಡು ಟಿ.ವಿ.ಗಳ ರಂಧ್ರಗಳ ಅಂತರ ಬೇರೆಯಿರಬಹುದು. ಕೈಪಿಡಿಯಲ್ಲಿ ಮೂರು ಸಂಗತಿಗಳನ್ನು ನೋಡಿ ಬರೆದಿಟ್ಟುಕೊಳ್ಳಬೇಕು: ವೆಸಾ ಅಳತೆ, ಮೇಜಿನ ಕಾಲುಗಳನ್ನು ಬಿಟ್ಟು ಟಿ.ವಿ.ಯ ತೂಕ, ತಿರುಪಿನ ದಪ್ಪ ಮತ್ತು ಉದ್ದ. ತಿರುಪು ಅಗತ್ಯಕ್ಕಿಂತ ಉದ್ದವಾದರೆ ಒಳಗಿನ ಭಾಗಗಳಿಗೆ ಚುಚ್ಚುತ್ತದೆ. ಗಿಡ್ಡವಾದರೆ ಹಿಡಿತ ಸಾಲದೆ ಕಿತ್ತುಬರುತ್ತದೆ.

ಸ್ಟ್ಯಾಂಡಿನ ಪೆಟ್ಟಿಗೆಯ ಮೇಲೆ ಅದು ತಡೆಯುವ ಗರಿಷ್ಠ ತೂಕ ನಮೂದಾಗಿರಬೇಕು. ಟಿ.ವಿ.ಯ ತೂಕಕ್ಕಿಂತ ಎರಡು ಪಟ್ಟಾದರೂ ಹೆಚ್ಚಿನದನ್ನು ಆರಿಸುವುದು ವಿವೇಕ. ಪೊಟ್ಟಣದ ಸರಕುಗಳ ಬಗೆಗಿನ 2011ರ ಕಾನೂನು ಮಾಪನ ನಿಯಮಗಳಂತೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಮತ್ತು ದೂರು ಸಲ್ಲಿಸಬೇಕಾದ ಸಂಪರ್ಕ ಅದರ ಮೇಲಿರಬೇಕು. ಇವು ಯಾವುವೂ ಇಲ್ಲದ ಬಿಡಿ ಸ್ಟ್ಯಾಂಡು ಅಗ್ಗವಾಗಿ ಸಿಕ್ಕರೂ, ಅದು ಮುರಿದಾಗ ಯಾರನ್ನು ಕೇಳಬೇಕೆಂಬುದೇ ತಿಳಿಯದು.

ಎತ್ತರದ ವಿಷಯದಲ್ಲಿ ಸಾಮಾನ್ಯ ತಪ್ಪೆಂದರೆ ಟಿ.ವಿ.ಯನ್ನು ದೇವರ ಪಟದಂತೆ ಮೇಲಕ್ಕೇರಿಸುವುದು. ಕುಳಿತವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 105 ಸೆಂಟಿಮೀಟರ್ ಎತ್ತರಕ್ಕೆ, ಪರದೆಯ ನಡುಭಾಗ ಬಂದರೆ ಕುತ್ತಿಗೆಗೆ ಆಯಾಸವಿಲ್ಲ. 43 ಅಂಗುಲದ ಟಿ.ವಿ.ಯ ಅಗಲ ಸುಮಾರು 95 ಸೆಂಟಿಮೀಟರ್; ಅದನ್ನು ನೋಡಲು ಸುಮಾರು ಆರು ಅಡಿ ದೂರ ಸಾಕು. ಮುಲುಂಡಿನ ಚಿಕ್ಕ ಹಾಲ್‌ಗೂ ಇದು ಹೊಂದುತ್ತದೆ. ನಂದಾದೀಪದ ಹೊಗೆ, ಅಡಿಗೆಯ ಹಬೆ ಮತ್ತು ನೇರ ಬಿಸಿಲು ತಾಗದ ಜಾಗ ಇರಲಿ. ಕನ್ನಡ ವಾಹಿನಿಗಳಿಗಾಗಿ ಸೆಟ್‌ಟಾಪ್ ಪೆಟ್ಟಿಗೆ ಇಡುವ ಮನೆಯವರು ಅದಕ್ಕೂ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ವಾರಂಟಿ ಮತ್ತು ಅದರ ವಿಸ್ತರಣೆ

ತಯಾರಿಕೆಯ ದೋಷದಿಂದ ಟಿ.ವಿ. ಕೆಟ್ಟರೆ ಇಂತಿಷ್ಟು ಕಾಲ ಉಚಿತವಾಗಿ ಸರಿಪಡಿಸಿಕೊಡುತ್ತೇನೆಂದು ತಯಾರಕನು ನೀಡುವ ಲಿಖಿತ ವಚನವೇ ವಾರಂಟಿ. ಟಿ.ವಿ.ಗಳಿಗೆ ಇದು ಸಾಮಾನ್ಯವಾಗಿ ಒಂದು ವರ್ಷದ್ದು. ಇದರ ಬೆಲೆ ಟಿ.ವಿ.ಯ ಬೆಲೆಯಲ್ಲೇ ಅಡಗಿರುತ್ತದೆ. ವಿಸ್ತರಿತ ವಾರಂಟಿ ಹಾಗಲ್ಲ. ಅದು ಪ್ರತ್ಯೇಕ ಹಣ ಕೊಟ್ಟು ಕೊಳ್ಳುವ ಪ್ರತ್ಯೇಕ ಸೇವೆ. ಅದನ್ನು ತಯಾರಕನೇ ಮಾರಬಹುದು, ಅಂಗಡಿಯವನು ಮಾರಬಹುದು, ಅಥವಾ ಇವರಿಬ್ಬರಿಗೂ ಸಂಬಂಧವಿಲ್ಲದ ಮೂರನೆಯ ಕಂಪನಿ ಮಾರಬಹುದು. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಎರಡು ವರ್ಷಗಳ ನಂತರ ಟಿ.ವಿ. ಕೆಟ್ಟರೆ ನಾನು ಯಾರಿಗೆ ಫೋನು ಮಾಡಬೇಕು?

ಕೊಳ್ಳುವುದು ಲಾಭವೇ ಎಂಬುದನ್ನು ಒಂದು ಸರಳ ಲೆಕ್ಕದಿಂದ ತೂಗಿ ನೋಡಬಹುದು. ನಮ್ಮ ಕುಟುಂಬಕ್ಕೆ ಇನ್ನೆರಡು ವರ್ಷಗಳ ವಿಸ್ತರಣೆಗೆ 3,000 ರೂಪಾಯಿ ಕೇಳುತ್ತಾರೆ ಎನ್ನೋಣ. ಟಿ.ವಿ.ಯಲ್ಲಿ ಅತಿ ದುಬಾರಿಯಾದ ಭಾಗ ಪರದೆ. ಅದನ್ನು ಬದಲಾಯಿಸಲು 18,000 ರೂಪಾಯಿ ಬೇಕಾಗುತ್ತದೆ ಎಂದಿಟ್ಟುಕೊಳ್ಳೋಣ. 3,000ವು 18,000ದ ಆರನೆಯ ಒಂದು ಪಾಲು. ಆ ಎರಡು ವರ್ಷಗಳಲ್ಲಿ ಆರು ಟಿ.ವಿ.ಗಳಲ್ಲಿ ಒಂದರ ಪರದೆ ಕೆಡುವಂತಿದ್ದರೆ ಮಾತ್ರ ಕೊಟ್ಟ ಹಣಕ್ಕೆ ಸರಿಯಾದ ಪ್ರತಿಫಲ ದೊರೆತಂತೆ. ಟಿ.ವಿ.ಯ ಬೆಲೆ ಕಡಿಮೆಯಾಗಿ ವಿಸ್ತರಣೆಯ ಬೆಲೆ ಹೆಚ್ಚಾದಷ್ಟೂ ಅದು ನಷ್ಟದ ವ್ಯಾಪಾರ. ಆ ಹಣವನ್ನು ಬ್ಯಾಂಕಿನಲ್ಲಿಟ್ಟು ರಿಪೇರಿಗೆಂದು ಮೀಸಲಿಡುವುದೂ ಒಂದು ಬಗೆಯ ವಾರಂಟಿಯೇ. ಆದರೆ ಒಮ್ಮೆಗೇ 18,000 ರೂಪಾಯಿ ಹೊಂದಿಸಲಾಗದ ಕುಟುಂಬಕ್ಕೆ, ಪರದೆಯೂ ಒಳಗೊಂಡ ವಿಸ್ತರಣೆ ನೆಮ್ಮದಿ ಕೊಡಬಹುದು. ಪರದೆಯೇ ಒಳಪಡದ ವಿಸ್ತರಣೆಗೆ ಹಣ ತೆರುವುದರಲ್ಲಿ ಅರ್ಥವಿಲ್ಲ.

ಷರತ್ತುಗಳನ್ನು ಓದುವಾಗ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ವಿಸ್ತರಣೆಯ ಅವಧಿ ಯಾವ ದಿನದಿಂದ ಆರಂಭವಾಗುತ್ತದೆ? “ಮೂರು ವರ್ಷ” ಎಂಬುದರಲ್ಲಿ ತಯಾರಕನ ಮೊದಲ ವರ್ಷವೂ ಸೇರಿದೆಯೇ? ಕೊಂಡ ದಿನದಿಂದಲ್ಲದೆ ಅಳವಡಿಸಿದ ದಿನದಿಂದ ವಾರಂಟಿಯನ್ನು ಲೆಕ್ಕಹಾಕುವಂತೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ನವೆಂಬರ್‌ನಲ್ಲಿ ಗೃಹೋಪಯೋಗಿ ಉಪಕರಣಗಳ ತಯಾರಕರನ್ನು ಕೋರಿತು. ಅಳವಡಿಸಿದ ದಿನಾಂಕವನ್ನು ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಇದರಿಂದ ಮುಖ್ಯವಾಗುತ್ತದೆ.

2. ವಿದ್ಯುತ್ತಿನ ಏರಿಳಿತ, ಸಿಡಿಲು, ನೀರು, ಕೀಟ, ಬಿದ್ದು ಒಡೆಯುವುದು ಇವುಗಳಲ್ಲಿ ಯಾವುದು ಒಳಗೊಂಡಿದೆ, ಯಾವುದು ಹೊರಗಿದೆ? ಏರಿಳಿತದ ಹಾನಿ ಹೊರಗಿದ್ದರೆ ಒಳ್ಳೆಯ ವೋಲ್ಟೇಜ್ ರಕ್ಷಕ ಮತ್ತು ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೆ ವೆಚ್ಚಮಾಡುವುದೇ ಲೇಸು.

3. ಪರಿಹಾರಕ್ಕೆ ಮಿತಿಯಿದೆಯೇ? ವರ್ಷ ಕಳೆದಂತೆ ಟಿ.ವಿ.ಯ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆಯೇ? ಬಿಡಿಭಾಗ ಸಿಗದಿದ್ದರೆ ಬದಲಿ ಟಿ.ವಿ. ಕೊಡುತ್ತಾರೆಯೇ, ಹಣ ಮರಳಿಸುತ್ತಾರೆಯೇ?

4. ಮನೆ ಬದಲಾಯಿಸಿದರೆ ಸೇವೆ ಮುಂದುವರಿಯುತ್ತದೆಯೇ? ಸಾಗಾಣಿಕೆಯಲ್ಲಿ ಆದ ಹಾನಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪುನರ್ನಿರ್ಮಾಣದ ಕಾರಣ ಎರಡು ಸಲ ಸಾಮಾನು ಸಾಗಿಸಬೇಕಾದ ಕುಟುಂಬಕ್ಕೆ ಇದು ಚಿಕ್ಕ ವಿಷಯವಲ್ಲ. ಟಿ.ವಿ.ಯ ಮೂಲ ಪೆಟ್ಟಿಗೆಯನ್ನೂ ಥರ್ಮೊಕೋಲನ್ನೂ ಎಸೆಯದೆ ಅಟ್ಟದ ಮೇಲಿಡಬೇಕು.

ಸ್ಟ್ಯಾಂಡಿಗೂ ವಾರಂಟಿಗೂ ಇರುವ ನಂಟು

ಗ್ರಾಹಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಅಧಿಕೃತ ವ್ಯಕ್ತಿಯಲ್ಲದವರು ಅಳವಡಿಸಿದ್ದರೆ, ಅಥವಾ ತಪ್ಪಾದ ಸ್ಟ್ಯಾಂಡು ಬಳಸಿದ್ದರೆ, ಅದರಿಂದಾದ ಹಾನಿ ವಾರಂಟಿಗೆ ಒಳಪಡದು ಎಂಬ ಷರತ್ತು ಅನೇಕ ಕಾರ್ಡುಗಳಲ್ಲಿರುತ್ತದೆ. ಟಿ.ವಿ. ಬಿದ್ದಾಗ ತಯಾರಕನು ಸ್ಟ್ಯಾಂಡನ್ನು ದೂರುತ್ತಾನೆ, ಸ್ಟ್ಯಾಂಡು ಮಾರಿದವನು ಗೋಡೆಯನ್ನು ದೂರುತ್ತಾನೆ, ಅಳವಡಿಸಿದವನು ಸಿಗುವುದೇ ಇಲ್ಲ. ಈ ಮೂವರ ನಡುವೆ ಹೊಣೆ ಜಾರಿಹೋಗದಂತೆ ನೋಡಿಕೊಳ್ಳಬೇಕಾದವನು ಗ್ರಾಹಕ. ಟಿ.ವಿ. ಕೊಳ್ಳುವಾಗಲೇ, ಸ್ಟ್ಯಾಂಡು ಬೆಲೆಯಲ್ಲಿ ಸೇರಿದೆಯೇ, ಅಳವಡಿಸುವವರು ಯಾರು, ಶುಲ್ಕವೆಷ್ಟು ಎಂದು ಕೇಳಿ ಬಿಲ್ಲಿನಲ್ಲಿ ಬರೆಸಬೇಕು. ಅಳವಡಿಸಿದ ಮೇಲೆ ದಿನಾಂಕವಿರುವ ಕೆಲಸದ ಚೀಟಿ ಪಡೆಯಬೇಕು. ಸ್ಟ್ಯಾಂಡು, ಬೋಲ್ಟು ಮತ್ತು ಟಿ.ವಿ.ಯ ಕ್ರಮಸಂಖ್ಯೆಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಐದು ನಿಮಿಷದ ಕೆಲಸ. ವಿವಾದ ಬಂದಾಗ ಅದೇ ಸಾಕ್ಷ್ಯ. ಮನೆ ಬದಲಾಯಿಸಿದಾಗ ಪ್ರತಿ ಬಾರಿಯೂ ಹೊಸ ಗೋಡೆಗೆ ತಕ್ಕ ಹೊಸ ಬೋಲ್ಟುಗಳನ್ನೇ ಹಾಕಿಸಬೇಕು.

ಕಾನೂನಿನ ರಕ್ಷಣೆ

1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ 2019ರ ಅಧಿನಿಯಮವು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಅದರಂತೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅಂಥದೇ. ಅಂತರಜಾಲದ ಮೂಲಕ ಕೊಳ್ಳುವಾಗ ಗ್ರಾಹಕನು ಕೇಳದಿದ್ದರೂ ಇತರ ಸರಕು-ಸೇವೆಗಳನ್ನು ಬುಟ್ಟಿಗೆ ಸೇರಿಸಿ ಹಣ ಪಡೆಯುವುದನ್ನು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ನಿಷೇಧಿಸಿವೆ. ವಿಸ್ತರಿತ ವಾರಂಟಿಯನ್ನು ಹೀಗೆ ಸೇರಿಸಿದ್ದರೆ ಹಣ ಪಾವತಿಸುವ ಮುನ್ನ ತೆಗೆದುಹಾಕಬಹುದು; ಆಮೇಲೆ ಕಂಡುಬಂದರೆ ದೂರಬಹುದು.

ದೂರನ್ನು ಮೊದಲು ಲಿಖಿತವಾಗಿ ಮಾರಾಟಗಾರನಿಗೂ ತಯಾರಕನಿಗೂ ಕಳುಹಿಸಬೇಕು. ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹದಿನೇಳು ಭಾಷೆಗಳಲ್ಲಿ ದೊರೆಯುವ ಈ ಸೇವೆಯಲ್ಲಿ ಕನ್ನಡವೂ ಇದೆ. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನೂ ತನ್ನ ಭಾಷೆಯಲ್ಲೇ ಅಹವಾಲು ಹೇಳಿಕೊಳ್ಳಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮುಲುಂಡ್ ನಿವಾಸಿಗಳಿಗೆ ಮುಂಬಯಿ ಉಪನಗರ ಜಿಲ್ಲೆಯ ಆಯೋಗ ಸಂಬಂಧಪಡುತ್ತದೆ. ತಯಾರಕನ ಕಚೇರಿ ಯಾವ ಊರಿನಲ್ಲಿದ್ದರೂ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ನಿಯಮವಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಅದನ್ನು ಸಲ್ಲಿಸಬೇಕು. ಗ್ರಾಹಕ ಚಳವಳಿಗೆ ಮುಂಬಯಿ ಹಳೆಯ ನೆಲೆ; ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘ 1966ರಲ್ಲಿ, ಮುಂಬಯಿ ಗ್ರಾಹಕ ಪಂಚಾಯತ್ 1975ರಲ್ಲಿ ಹುಟ್ಟಿದ್ದು ಈ ನಗರದಲ್ಲೇ.

ಉಪಸಂಹಾರ

ನಮ್ಮ ಕುಟುಂಬದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮನೆಯಲ್ಲಿ ಮಕ್ಕಳಿದ್ದಾರೆ, ಗೋಡೆ ಎರಡು ಬಾರಿ ಬದಲಾಗಲಿದೆ. ಆದುದರಿಂದ ಸ್ಥಿರ ಅಥವಾ ಬಾಗುವ ಸ್ಟ್ಯಾಂಡು ಸಾಕು. ಹಳೆಯ ಮನೆಯ ಒಳಗಿನ ಇಟ್ಟಿಗೆ ಗೋಡೆಗೆ ಅದನ್ನು ಬಿಗಿಸಬೇಕು. ಬಾಡಿಗೆ ಮನೆಯಲ್ಲಿ ಮಾಲೀಕನು ಗೋಡೆ ಕೊರೆಯಲು ಒಪ್ಪದಿದ್ದರೆ ಟಿ.ವಿ.ಯೊಡನೆ ಬಂದ ಕಾಲುಗಳನ್ನೇ ಮತ್ತೆ ಜೋಡಿಸಿ, ಅಲುಗಾಡದ ಮೇಜಿನ ಮೇಲೆ, ಅಂಚಿನಿಂದ ಹಿಂದಕ್ಕೆ ಸರಿಸಿಟ್ಟು, ಪಟ್ಟಿಯಿಂದ ಮೇಜಿಗೆ ಕಟ್ಟಬೇಕು. ವಿಸ್ತರಿತ ವಾರಂಟಿಯು ಪರದೆಯನ್ನು ಒಳಗೊಂಡು, ವಿಳಾಸ ಬದಲಾದರೂ ಮುಂದುವರಿಯುವಂತಿದ್ದರೆ ಕೊಳ್ಳುವ ವಿಚಾರ ಮಾಡಬಹುದು. ಇಲ್ಲವಾದರೆ ಆ 3,000 ರೂಪಾಯಿಯನ್ನು ಒಳ್ಳೆಯ ಬೋಲ್ಟು, ವೋಲ್ಟೇಜ್ ರಕ್ಷಕ ಮತ್ತು ನುರಿತ ಕೆಲಸಗಾರನಿಗೆ ಕೊಟ್ಟು ಉಳಿದುದನ್ನು ಕೂಡಿಡುವುದು ಮೇಲು.

ಅಂಗಡಿಯಲ್ಲಿ ಕೇಳಿದ ಮಾತು ಹೊರಬರುವಷ್ಟರಲ್ಲಿ ಮರೆತುಹೋಗುತ್ತದೆ, ಕಾಗದದ ಮೇಲೆ ಬರೆದುದು ಉಳಿಯುತ್ತದೆ. ಗೋಡೆಯನ್ನು ನೋಡಿ ಸ್ಟ್ಯಾಂಡು, ಬರಹವನ್ನು ನೋಡಿ ವಾರಂಟಿ: ಈ ಎರಡು ಸೂತ್ರಗಳನ್ನು ಪಾಲಿಸಿದ ಗ್ರಾಹಕನ ಮನೆಯಲ್ಲಿ ಟಿ.ವಿ.ಯೂ ಭದ್ರ, ಅದರ ಕೆಳಗೆ ಆಡುವ ಮಕ್ಕಳೂ ಕ್ಷೇಮ.